ಬೋಟಿನ ಪಂಪು ಈ ಮಳೆಗಾಲದಲ್ಲೇ ಬದಲಿಸಬೇಕಾ? ವೈಬುಲ್ ಲೆಕ್ಕ ಹಾಕಿ ನೋಡಿ

ಜೂನ್ 1ರಿಂದ ಜುಲೈ 31ರವರೆಗೆ ಮೀನು ಹಿಡಿಯುವ ಯಾಂತ್ರಿಕ ಬೋಟುಗಳಿಗೆ 61 ದಿನ ರಜೆ. ಕಾರವಾರದ ಬೈತಖೋಲ ಬಂದರಿನಲ್ಲಿ ದೊಡ್ಡ ರಿಪೇರಿ ಎಲ್ಲ ಆಗುವುದು ಆಗಲೇ. ಆಗ ಬೋಟಿನ ಮಾಲೀಕರಿಗೆ ಒಂದು ತಲೆಬಿಸಿ ಇದ್ದೇ ಇರುತ್ತದೆ. ಎಂಜಿನ್ ತಣ್ಣಗಿಡುವ ಉಪ್ಪುನೀರಿನ ಪಂಪು ಇನ್ನೂ ಓಡುತ್ತಿದೆ, ಈಗಲೇ ಬದಲಿಸುವುದಾ, ಇನ್ನೊಂದು ಸೀಸನ್ ನೋಡುವುದಾ? ಮೆಕ್ಯಾನಿಕ್ ‘ಹೊಸದು ಹಾಕಿಬಿಡಿ’ ಅನ್ನುತ್ತಾನೆ. ಬೋಟು ನಡೆಸುವ ತಾಂಡೇಲ ‘ಓಡೋದನ್ನ ಯಾಕೆ ಬಿಚ್ಚೋದು’ ಅನ್ನುತ್ತಾನೆ. ಯಾರ ಮಾತು ಸರಿ ಅನ್ನುವುದು ಹಳೆಯ ಪಂಪುಗಳು ಹೇಗೆ ಕೆಟ್ಟವು ಅನ್ನುವುದರ ಮೇಲಿದೆ. ವಸ್ತು ಯಾವಾಗ ಕೆಡಬಹುದು ಅಂತ ಅಂದಾಜಿಸುವ ವೈಬುಲ್ ಸೂತ್ರದಿಂದ ಅದನ್ನು ಲೆಕ್ಕ ಹಾಕಬಹುದು, ಒಂದು ಎಕ್ಸೆಲ್ ಹಾಳೆ ಸಾಕು.

ಮೊದಲು ಪಟ್ಟಿ ಮಾಡಿ. ಪಂಪು ಹಾಕಿದಾಗ ಎಂಜಿನ್ ಓಡಿದ ತಾಸು ಎಣಿಸುವ ಮೀಟರಿನಲ್ಲಿ ಎಷ್ಟು ತಾಸು ಇತ್ತು, ಕೆಟ್ಟಾಗ ಎಷ್ಟಿತ್ತು, ಏನು ಕೆಟ್ಟಿತು, ಇಷ್ಟು ಬರೆದಿಟ್ಟರೆ ಆಯಿತು. ‘ಏನು ಕೆಟ್ಟಿತು’ ಅನ್ನುವುದನ್ನು ಬಿಡಬೇಡಿ. ಬೇರಿಂಗ್ ಸವೆದದ್ದು, ಸೀಲ್ ಸೋರಿದ್ದು, ಪೈಪಿಗೆ ಪ್ಲಾಸ್ಟಿಕ್ ಸಿಕ್ಕಿ ನೀರು ನಿಂತು ಸುಟ್ಟದ್ದು, ಈ ಮೂರನ್ನೂ ಒಂದೇ ಪಟ್ಟಿಗೆ ತುರುಕಿದರೆ ಬರುವ ಉತ್ತರ ಯಾವುದಕ್ಕೂ ಸರಿಹೊಂದುವುದಿಲ್ಲ. ತಾಸಿನ ಬದಲು ತಿಂಗಳು ಹಿಡಿಯಬಹುದಾ ಅಂತ ಕೇಳಿದರೆ, ಕೆಲವಕ್ಕೆ ಅದೇ ಸರಿ. ಬೋಟು ದಕ್ಕೆಯಲ್ಲಿ (ಬಂದರಿನ ಕಟ್ಟೆಯಲ್ಲಿ) ಸುಮ್ನೆ ನಿಂತಿದ್ದರೂ ಉಪ್ಪು ತನ್ನ ಕೆಲಸ ನಿಲ್ಲಿಸುವುದಿಲ್ಲ, ಅಲ್ವಾ? ತುಕ್ಕಿನಿಂದ ಕೆಡುವುದಕ್ಕೆ ತಿಂಗಳು, ತಿರುಗಿ ಸವೆಯುವುದಕ್ಕೆ ತಾಸು.

ಲೆಕ್ಕ ತೋರಿಸಲು ಒಂದು ಪಟ್ಟಿ ನಾನೇ ಕಟ್ಟಿದ್ದೇನೆ. ಆರು ಪಂಪು, ಎಲ್ಲವೂ ಬೇರಿಂಗಿನ ವಿಷಯ. ಐದು ಕೆಟ್ಟದ್ದು 800, 1300, 2000, 2500 ಮತ್ತು 3200 ತಾಸಿಗೆ. ಆರನೆಯದು 1700 ತಾಸು ಮುಗಿಸಿ ಇನ್ನೂ ಓಡುತ್ತಿದೆ.

ಇಲ್ಲಿ ಜಾಸ್ತಿ ಜನ ಮಾಡುವುದು, ಕೆಟ್ಟ ಐದರ ಸರಾಸರಿ ತೆಗೆದು ‘1960 ತಾಸು ಬಾಳಿಕೆ’ ಅಂದುಬಿಡುವುದು. ಓಡುತ್ತಿರುವ ಪಂಪು ಎಲ್ಲಿ ಹೋಯಿತು? ಅದು 1700 ತಾಸು ಕೆಡದೆ ನಿಂತಿದೆ, ಅದೂ ಒಂದು ಸಾಕ್ಷಿಯೇ. ಅದನ್ನು ಪಟ್ಟಿಯಿಂದ ಕಿತ್ತರೆ ಬಾಳಿಕೆ ಇರುವುದಕ್ಕಿಂತ ಕಡಿಮೆ ಕಾಣುತ್ತದೆ.

ಈಗ ಕ್ರಮಾಂಕ ಕೊಡಿ. ತಾಸುಗಳನ್ನು ಏರಿಕೆಯಲ್ಲಿ ಬರೆದರೆ 800ಕ್ಕೆ 1, 1300ಕ್ಕೆ 2. ನಂತರ 1700ರ ಪಂಪು ಬರುತ್ತದೆ. ಅದು ಕೆಟ್ಟಿಲ್ಲ, ಹಾಗಾಗಿ ಅದಕ್ಕೆ ಕ್ರಮಾಂಕ ಇಲ್ಲ, ಆದರೆ ಮುಂದಿನವುಗಳ ಜಿಗಿತ ಅದರಿಂದ ದೊಡ್ಡದಾಗುತ್ತದೆ. ಒಟ್ಟು ಪಂಪಿಗೆ ಒಂದು ಸೇರಿಸಿ, ಹಿಂದಿನ ಕ್ರಮಾಂಕ ಕಳೆಯಿರಿ: 7 − 2 = 5. ಇದನ್ನು, ಓಡುತ್ತಿರುವ ಪಂಪಿನ ನಂತರ ಉಳಿದವುಗಳ ಸಂಖ್ಯೆಗೆ ಒಂದು ಸೇರಿಸಿ ಭಾಗಿಸಿ: 5 ÷ 4 = 1.25. ಅಂದರೆ 2000ಕ್ಕೆ 3.25, 2500ಕ್ಕೆ 4.5, 3200ಕ್ಕೆ 5.75.

ಕ್ರಮಾಂಕವನ್ನು ಶೇಕಡಾವಾರು ಮಾಡಲು ಬೆನಾರ್ಡ್ ಸೂತ್ರ ಇದೆ. ಕ್ರಮಾಂಕದಿಂದ 0.3 ಕಳೆದು, ಒಟ್ಟು ಸಂಖ್ಯೆಗೆ 0.4 ಸೇರಿಸಿ ಭಾಗಿಸುವುದು. ನಮ್ಮ ಪಟ್ಟಿಗೆ 0.109, 0.266, 0.461, 0.656, 0.852 ಬರುತ್ತದೆ. 800 ತಾಸಿನೊಳಗೆ ಸುಮಾರು ಶೇ 11ರಷ್ಟು ಪಂಪು ಕೆಡುತ್ತವೆ, 1300ರೊಳಗೆ ಶೇ 27ರಷ್ಟು, ಹೀಗೆ ಓದಿಕೊಳ್ಳಿ.

ಇನ್ನು ವೈಬುಲ್. ವಾಲೊಡ್ಡಿ ವೈಬುಲ್ ಸ್ವೀಡನ್ನಿನ ಎಂಜಿನಿಯರ್. 1951ರ ತನ್ನ ಪ್ರಬಂಧದಲ್ಲಿ ಒಂದೇ ಸೂತ್ರವನ್ನು ಉಕ್ಕಿನ ಗಟ್ಟಿತನದಿಂದ ಹಿಡಿದು ಬೀನ್ಸ್ ಬೀಜದ ಅಗಲ, ಭಾರತದ ಹತ್ತಿಯ ಎಳೆಯ ಬಲದವರೆಗೆ ಹೊಂದಿಸಿ ತೋರಿಸಿದ. ನಾವಿಲ್ಲಿ ಬಳಸುವ ಸರಳ ರೂಪದಲ್ಲಿ ಎರಡೇ ಸಂಖ್ಯೆ. ಬೀಟಾ, ಕೆಡುವ ರೀತಿ. ಈಟಾ, ಶೇ 63.2ರಷ್ಟು ಕೆಡುವ ಹೊತ್ತು.

ಹಾಳೆಯಲ್ಲಿ ಒಂದು ಕಾಲಂನಲ್ಲಿ ತಾಸಿನ ನ್ಯಾಚುರಲ್ ಲಾಗ್ (ಎಕ್ಸೆಲ್‌ನ LN) ಬರೆಯಿರಿ. ಪಕ್ಕದ ಕಾಲಂ ಹೀಗೆ: ಒಂದರಿಂದ ಬೆನಾರ್ಡ್ ಸೂತ್ರದಲ್ಲಿ ಬಂದ ಸಂಖ್ಯೆ ಕಳೆದು ಅದೇ ಲಾಗ್ ತೆಗೆಯಿರಿ, ಮೈನಸ್ ಚಿಹ್ನೆ ತಿರುಗಿಸಿ, ಮತ್ತೆ ಅದೇ ಲಾಗ್. ಎರಡನ್ನೂ ಗ್ರಾಫಿಗೆ ಹಾಕಿದರೆ ಚುಕ್ಕಿಗಳು ಹೆಚ್ಚುಕಡಿಮೆ ಸಾಲಾಗಿ ನಿಲ್ಲಬೇಕು. ಗೆರೆ ನಡುವೆ ಡೊಂಕಾದರೆ ಎರಡು ಬಗೆಯ ಕೆಡುಕು ಬೆರೆತಿದೆಯಾ ಅಂತ ಮೊದಲು ಪಟ್ಟಿಯನ್ನೇ ಅನುಮಾನಿಸಿ. ಆಮೇಲೆ ಗೆರೆಯ ಓರೆ ಹೇಳುವ ಸ್ಲೋಪ್ ಫಂಕ್ಷನ್ ಹಾಕಿ, ಬಂದದ್ದೇ ಬೀಟಾ. ನಮಗೆ 1.98 ಬಂತು. ಇಂಟರ್‌ಸೆಪ್ಟ್ ಫಂಕ್ಷನ್ ಕೊಡುವ ಸಂಖ್ಯೆಯನ್ನು ಬೀಟಾದಿಂದ ಭಾಗಿಸಿ, ಚಿಹ್ನೆ ತಿರುಗಿಸಿ ಎಕ್ಸ್‌ಪಿ (EXP) ಫಂಕ್ಷನ್ನಿಗೆ ಕೊಟ್ಟರೆ ಈಟಾ, ಸುಮಾರು 2400 ತಾಸು. ಒಂದು ಎಚ್ಚರಿಕೆ: ಎಕ್ಸೆಲ್‌ನ ವೈಬುಲ್ ಫಂಕ್ಷನ್ ನಮ್ಮ ಬೀಟಾವನ್ನು ಆಲ್ಫಾ ಅನ್ನುತ್ತದೆ, ಈಟಾವನ್ನು ಬೀಟಾ ಅನ್ನುತ್ತದೆ. ಅದಲುಬದಲು ಕೊಟ್ಟರೆ ಸರಿಯಾದ ಉತ್ತರ ಬರುವುದಿಲ್ಲ.

ಬೀಟಾ ಒಂದಕ್ಕಿಂತ ಕಡಿಮೆ ಬಂದರೆ ಹೊಸತರಲ್ಲೇ ಜಾಸ್ತಿ ಕೆಡುತ್ತಿದೆ ಅಂತ. ಮಾಲು ಸರಿಯಿಲ್ಲ, ಇಲ್ಲಾ ಕೂರಿಸಿದ್ದು ಸರಿಯಿಲ್ಲ. ಆಗ ಹೊಸದು ಹಾಕಿದರೆ ಅಪಾಯ ಇನ್ನೂ ಜಾಸ್ತಿ! ಒಂದರ ಹತ್ತಿರ ಬಂದರೆ ವಯಸ್ಸಿಗೂ ಕೆಡುವುದಕ್ಕೂ ಸಂಬಂಧ ಇಲ್ಲ, ಬೋಟಿನ ಫ್ಯಾನಿಗೆ (ಪ್ರೊಪೆಲ್ಲರಿಗೆ) ಬಲೆ ಸುತ್ತಿಕೊಳ್ಳುತ್ತದಲ್ಲ, ಹಾಗೆ. ಇದಕ್ಕೇ ಎಕ್ಸ್‌ಪೊನೆನ್ಷಿಯಲ್ ಹಂಚಿಕೆ ಅನ್ನುವುದು. ಒಂದಕ್ಕಿಂತ ಜಾಸ್ತಿ ಬಂದರೆ ಸವೆತ.

ಸರಾಸರಿ ಒಂದನ್ನೇ ನಂಬಿದವರು ತಮಗೇ ಗೊತ್ತಿಲ್ಲದೆ ಎಕ್ಸ್‌ಪೊನೆನ್ಷಿಯಲ್ ಲೆಕ್ಕದಲ್ಲಿರುತ್ತಾರೆ. ಆರೂ ಪಂಪಿನ ಒಟ್ಟು 11,500 ತಾಸನ್ನು ಐದು ಕೆಡುಕಿಗೆ ಹಂಚಿದರೆ 2300. ಆ ಲೆಕ್ಕದಲ್ಲಿ ಮುಂದಿನ 1000 ತಾಸು ಕೆಡದೆ ಓಡುವ ಸಾಧ್ಯತೆ ಶೇ 65. ಹೊಚ್ಚ ಹೊಸ ಪಂಪಿಗೂ ಅಷ್ಟೇ, 2000 ತಾಸು ಓಡಿದ್ದಕ್ಕೂ ಅಷ್ಟೇ. ವೈಬುಲ್ ಹಾಗೆ ಹೇಳುವುದಿಲ್ಲ. ಹೊಸದಕ್ಕೆ ಶೇ 84. 2000 ಓಡಿದ್ದಕ್ಕೆ, 3000 ದಾಟುವ ಸಾಧ್ಯತೆಯನ್ನು 2000 ದಾಟುವ ಸಾಧ್ಯತೆಯಿಂದ ಭಾಗಿಸಿದರೆ, ಶೇ 42.

ಇದಕ್ಕೆ ದುಡ್ಡು ಸೇರಿಸಿ. ಸೀಸನ್ನಿಗೆ 1000 ತಾಸು, ದಕ್ಕೆಯಲ್ಲಿ ಬದಲಿಸಲು 10,000 ರೂಪಾಯಿ, ನಡುಸಮುದ್ರದಲ್ಲಿ ನಿಂತರೆ ಎಳೆದು ತರುವುದು, ಹೋದ ಮೀನು, ಡೀಸೆಲ್ ಎಲ್ಲ ಸೇರಿ 40,000 ಅಂತಿಟ್ಟುಕೊಳ್ಳಿ. ನಿಮ್ಮ ದರ ಬೇರೆ ಇರುತ್ತದೆ, ಅದನ್ನೇ ಹಾಕಿ. 2000 ತಾಸಿನ ಪಂಪನ್ನು ಹಾಗೇ ಬಿಟ್ಟರೆ ಶೇ 58ರ ಅಪಾಯ, ಅಂದರೆ 23,200 ರೂಪಾಯಿ. ಹೊಸದು ಹಾಕಿದರೆ 10,000ಕ್ಕೆ ಶೇ 16ರ ಅಪಾಯದ 6,400 ಸೇರಿ 16,400. ಮೆಕ್ಯಾನಿಕ್ ಗೆದ್ದ. ಅದೇ 800 ತಾಸಿನ ಪಂಪಾದರೆ ಬಿಟ್ಟರೂ ಅಪಾಯ ಶೇ 36, ಅಂದರೆ 14,400 ರೂಪಾಯಿ. ಅದನ್ನು ಬಿಚ್ಚಬೇಡಿ. ತಾಂಡೇಲನದೇ ಸರಿ.

ಇದು ಒಂದು ಸೀಸನ್ನಿನ ಲೆಕ್ಕ ಮಾತ್ರ. ಹೊಸ ಪಂಪಿನಲ್ಲಿ ಸೀಸನ್ ಮುಗಿದ ಮೇಲೂ ಉಳಿಯುವ ಬಾಳಿಕೆಗೆ ಇಲ್ಲಿ ಬೆಲೆ ಕಟ್ಟಿಲ್ಲ. ಐದೇ ಕೆಡುಕಿನಿಂದ ಬಂದ 1.98ನ್ನು ಕಲ್ಲಿನಲ್ಲಿ ಕೆತ್ತಿದ ಅಂಕಿ ಅಂದುಕೊಳ್ಳಲೂಬೇಡಿ, ಇನ್ನು ಹತ್ತು ಪಂಪಿನ ದಾಖಲೆ ಸೇರಿದರೆ ಅದು 1.4 ಆಗಬಹುದು, 2.6 ಆಗಬಹುದು. ಹಾಗಾಗಿ ಪಕ್ಕದ ಬೋಟುಗಳ ಮೀಟರ್ ಓದನ್ನೂ ಕೇಳಿ ಸೇರಿಸಿಕೊಳ್ಳಿ. ಅದೇ ಕಂಪನಿಯ ಪಂಪು, ಅದೇ ತರಹದ ಎಂಜಿನ್ ಆಗಿದ್ದರೆ ಮಾತ್ರ.