ಗುಳೆ ಹೋಗಿ ಬಂದ ಮಗುವಿಗೆ ಹೀಗೆ ಕಲಿಸಿ
ವಿಜಯಪುರ ಜಿಲ್ಲೆಯ ಹಳ್ಳಿ ಶಾಲೆಗಳಿಗೆ, ಕೂಲಿಗಾಗಿ ಊರು ಬಿಡುವ ಅಪ್ಪ-ಅವ್ವನ ಜೊತೆ ಗುಳೆ ಹೋದ ಮಕ್ಕಳು ವರ್ಷದ ನಡುವೆ ವಾಪಸ್ ಬರುತ್ತಾರೆ. ಅವರನ್ನು ಸುಮ್ನೆ ಹಿಂದೆ ಕೂರಿಸಬೇಡಿ. ಮೊದಲ ವಾರ ಪರೀಕ್ಷೆಯೂ ಬೇಡ. ಸಣ್ಣ ಕಥೆ ಓದಿಸಿ, ಎಲ್ಲಿ ತಡವರಿಸುತ್ತಾರೆ ನೋಡಿ, ಒತ್ತಕ್ಷರದಲ್ಲೇ ಸಿಕ್ಕಿಕೊಂಡರೆ ಐದನೇ ತರಗತಿಯ ಮಗುವಾದರೂ ಅಲ್ಲಿಂದಲೇ ಶುರು ಮಾಡಿ. 1ರಿಂದ 3ನೇ ತರಗತಿಯ ನಲಿ-ಕಲಿ (ಚಟುವಟಿಕೆ ಮೂಲಕ ಕಲಿಸುವ ಪದ್ಧತಿ) ಕಾರ್ಡುಗಳು ಇಲ್ಲಿ ಚೆನ್ನಾಗಿ ಕೆಲಸಕ್ಕೆ ಬರುತ್ತವೆ, ಆದರೆ ಎಲ್ಲರ ಮುಂದೆ ಕೊಡಬೇಡಿ, ದೊಡ್ಡ ಮಕ್ಕಳಿಗೆ ಅವಮಾನ ಆಗುತ್ತೆ ಅಲ್ವಾ. ಲೆಕ್ಕದಲ್ಲಿ ಎಷ್ಟೋ ಮಕ್ಕಳು ಚುರುಕು: ಕಬ್ಬಿನ ಟನ್ನು, ಕೂಲಿ ಎಲ್ಲ ಬಾಯಲ್ಲೇ ಹೇಳುತ್ತಾರೆ, ಅದನ್ನೇ ಪಾಟಿ ಮೇಲೆ ಬರೆಸಿ.

ಮಾತಾಡದ ಮಗುವನ್ನು ಎದುರು ಕೂರಿಸಿ ಪ್ರಶ್ನೆ ಕೇಳಬೇಡಿ. ಗಿಡಕ್ಕೆ ನೀರು ಹಾಕುವಾಗ ಜೊತೆಗಿರಿ, ಎಷ್ಟೋ ಸಲ ತಾನೇ ಮಾತು ತೆಗೆಯುತ್ತದೆ. ಹೊಡೆತ, ಬಾಲ್ಯವಿವಾಹದ ಸುಳಿವು ಸಿಕ್ಕರೆ ಮಾತ್ರ ಕಾಯಬೇಡಿ, ಮಕ್ಕಳ ಸಹಾಯವಾಣಿ 1098ಕ್ಕೆ ಫೋನ್ ಮಾಡಿ.