ಮೂರು ಸಂಘ, ಒಂದೇ ಹುಚ್ಚು

ನಾನು ಮೂರು ಬಿಲ್ಲುಗಾರಿಕೆ ಸಂಘಗಳ ಸದಸ್ಯ. ಒಂದು ಮೈದಾನದಲ್ಲಿ ಸಾಲಾಗಿ ನಿಂತು ಗುರಿಗೆ ಹೊಡೆಯುವವರದು. ಇನ್ನೊಂದು ಗುಡ್ಡ, ಮರಗಳ ನಡುವೆ ನಡೆಯುತ್ತಾ ಬಾಣ ಬಿಡುವ ಫೀಲ್ಡ್ ಆರ್ಚರಿಯವರದು. ಮೂರನೆಯದು ಮರದ ಲಾಂಗ್‌ಬೋ (ಉದ್ದನೆಯ ಸಾದಾ ಬಿಲ್ಲು) ಬಿಟ್ಟು ಬೇರೆ ಬಿಲ್ಲನ್ನು ಹತ್ತಿರವೂ ಸೇರಿಸದವರದು. ‘ಯಾಕೆ ಇಷ್ಟೊಂದು ಸಂಘ? ಎಲ್ಲ ಸೇರಿ ಒಂದು ಮಾಡ್ಕೊಂಡ್ರೆ ಆಗಲ್ವಾ?’ ಅಂತ ಹೊಸಬರು ಕೇಳುತ್ತಾರೆ. ಮೂರೂ ಕಡೆ ಬಾಣ ಬಿಟ್ಟ ಮೇಲೆ ನನಗನಿಸಿದ್ದು, ಬೇಕಾಗಿಯೇ ಇಲ್ಲ. ಬಾಣದಿಂದ ಏನನ್ನು ಅಳೆಯಬೇಕು ಅನ್ನುವುದರಲ್ಲೇ ಇವರ ದಾರಿ ಬೇರೆ.

ಮೈದಾನದ, ಅಂದರೆ ಟಾರ್ಗೆಟ್‌ನವರ ಕಥೆ ಚೆನ್ನಾಗಿದೆ. 1920ರ ಆಂಟ್ವರ್ಪ್ ಒಲಿಂಪಿಕ್ಸ್‌ನಲ್ಲಿ ಬಿಲ್ಲು ಹಿಡಿದವರು ಬೆಲ್ಜಿಯಂ, ಫ್ರಾನ್ಸ್, ನೆದರ್ಲೆಂಡ್ಸ್‌ನವರು ಮಾತ್ರ. ಆಡಿದ್ದೂ ಆ ಭಾಗದ ರೂಢಿಯ ಆಟಗಳನ್ನೇ. ಎಲ್ಲರಿಗೂ ಒಪ್ಪಿಗೆಯಾಗುವ ನಿಯಮ ಇರಲಿಲ್ಲ, ಆಟ ಒಲಿಂಪಿಕ್ಸ್‌ನಿಂದ ಹೊರಬಿತ್ತು. 1931ರಲ್ಲಿ ಆಗ ಪೋಲೆಂಡ್‌ನಲ್ಲಿದ್ದ ಲ್ವೂಫ್ (ಇವತ್ತಿನ ಉಕ್ರೇನ್‌ನ ಲ್ವಿವ್) ನಗರದಲ್ಲಿ ಹುಟ್ಟಿದ ಅಂತರರಾಷ್ಟ್ರೀಯ ಒಕ್ಕೂಟ, ಅಂದರೆ ಇವತ್ತಿನ ವರ್ಲ್ಡ್ ಆರ್ಚರಿ, ಎಲ್ಲ ದೇಶಕ್ಕೂ ಒಂದೇ ನಿಯಮ ತರಲು ಹೊರಟಿತು. ಆದರೂ ಒಲಿಂಪಿಕ್ಸ್‌ಗೆ ವಾಪಸ್ ಬಂದಿದ್ದು 1972ರಲ್ಲಿ. ಹಾಗಾಗಿ ಈ ಸಂಘಕ್ಕೆ ಅಳತೆಯ ಹಟ ಜಾಸ್ತಿ. ತುದಿಗಳು ಹೊರಕ್ಕೆ ಬಾಗಿದ ರಿಕರ್ವ್ ಬಿಲ್ಲಿಗೆ ದೂರ 70 ಮೀಟರ್ ಅಂದರೆ 70 ಮೀಟರ್. ಗುರಿಯ ಅಗಲ 122 ಸೆಂಟಿಮೀಟರ್, ನಡುವಿನ ಹತ್ತರ ವೃತ್ತ 12.2. ಇವತ್ತು ಇಲ್ಲಿ ಹೊಡೆದ ಅಂಕವನ್ನು ಭೂಮಿಯ ಆ ತುದಿಯವರ ಅಂಕದ ಪಕ್ಕ ಇಟ್ಟು ನೋಡಬಹುದು. ಅದಕ್ಕಾಗಿಯೇ ಈ ಪಾಡು.

ಫೀಲ್ಡ್‌ನವರಿಗೆ ಈ ಸಮತಟ್ಟು ನೆಲವೇ ಬೇಜಾರು. ಇಳಿಜಾರಿನಲ್ಲಿ ನಿಂತು, ಮರದ ಸಂದಿಯಲ್ಲಿ ಕಾಣುವ ಗುರಿಗೆ ಹೊಡೆಯಬೇಕು. ಎಷ್ಟೋ ಸುತ್ತುಗಳಲ್ಲಿ ದೂರ ಎಷ್ಟು ಅಂತ ಬರೆದೇ ಇರುವುದಿಲ್ಲ, ಕಣ್ಣಲ್ಲೇ ಅಂದಾಜು ಮಾಡಬೇಕು. ವರ್ಲ್ಡ್ ಆರ್ಚರಿಯಲ್ಲೂ ಫೀಲ್ಡ್ ಮತ್ತು 3ಡಿ (ಪ್ರಾಣಿಗಳ ಬೊಂಬೆಗೆ ಹೊಡೆಯುವ ಆಟ) ಇವೆ. ಆದರೆ 1969ರಲ್ಲಿ ಶುರುವಾದ ಅಂತರರಾಷ್ಟ್ರೀಯ ಫೀಲ್ಡ್ ಆರ್ಚರಿ ಸಂಘದ ವಿಭಾಗಗಳ ಪಟ್ಟಿ ನೋಡಬೇಕು. ಸೈಟ್ (ಗುರಿ ನೋಡುವ ಸಾಧನ) ಇರುವ ಬಿಲ್ಲು, ಇಲ್ಲದ ಬಿಲ್ಲು, ಬೇಟೆಗಾರರ ಬಿಲ್ಲು, ಲಾಂಗ್‌ಬೋ, ಹಳೇ ಕಾಲದ ವಿನ್ಯಾಸದ ಬಿಲ್ಲು, ಹೀಗೆ ಸಾಗುತ್ತದೆ. ಯಾವ ಬಿಲ್ಲು ತಂದರೂ ನಿನಗೊಂದು ಜಾಗ ಇದೆ ಅನ್ನುವ ಧೋರಣೆ ನನಗೆ ಹಿಡಿಸಿತು. ಪದಕಗಳು ಮಾತ್ರ ವಿಪರೀತ ಆಗುತ್ತವೆ, ಅದು ಬೇರೆ ಮಾತು!

ಲಾಂಗ್‌ಬೋದವರು ಅಂಕದ ವಿಷಯಕ್ಕೆ ಅಷ್ಟು ತಲೆ ಕೆಡಿಸಿಕೊಳ್ಳುವುದಿಲ್ಲ. ಮರದ ಬಾಣ, ನಿಜವಾದ ಹಕ್ಕಿಯ ಗರಿ, ಅಷ್ಟೇ. ಬಿಲ್ಲು ಉಳಿಯಬೇಕು, ಅದನ್ನು ಮಾಡುವ ಕೈಕೆಲಸ ಉಳಿಯಬೇಕು.

ಇವೆಲ್ಲದರ ನಡುವೆ ನಾನು ಓಡಾಡುವುದು ಹೇಗೆ? ಮೊದಲೆರಡು ಕಡೆಗೂ ಒಂದೇ ಬೇರ್‌ಬೋ, ಅಂದರೆ ಸೈಟ್ ಇಲ್ಲದ ಬಿಲ್ಲು, ಒಯ್ಯುತ್ತೇನೆ. ವರ್ಲ್ಡ್ ಆರ್ಚರಿ ನಿಯಮದಂತೆ ಹೆದೆ ಬಿಚ್ಚಿದ ಬೇರ್‌ಬೋ 12.2 ಸೆಂಟಿಮೀಟರ್ ಒಳಗಲದ ಬಳೆಯೊಳಗೆ ತೂರಬೇಕು. ತೂಕದ ಬಿಲ್ಲೆಗಳನ್ನು ಆ ಲೆಕ್ಕದಲ್ಲೇ ಜೋಡಿಸಿದ್ದೇನೆ. ಅಂಥದ್ದೇ ಬಳೆಯೊಂದನ್ನು ರಟ್ಟಿನಲ್ಲಿ ಕತ್ತರಿಸಿ ಬ್ಯಾಗಲ್ಲಿ ಇಟ್ಟಿದ್ದೇನೆ. ಬೇರ್‌ಬೋದಲ್ಲಿ ದೂರಕ್ಕೆ ತಕ್ಕಂತೆ ಬೆರಳುಗಳನ್ನು ಹೆದೆಯ ಮೇಲೆ ಸರಿಸಬಹುದು. ಗುರಿ ಹತ್ತಿರ ಇದ್ದರೆ ಬೆರಳು ಕೆಳಗಿಳಿಯುತ್ತದೆ. ಆಗ ಬಾಣದ ಹಿಂತುದಿ ಕಣ್ಣಿಗೆ ಹತ್ತಿರವಾಗಿ, ಬಾಣ ಕೆಳಮುಖವಾಗಿ ಹೊರಡುತ್ತದೆ. ಎಷ್ಟು ಇಳಿಸಬೇಕು ಅಂತ ಫಿಂಗರ್ ಟ್ಯಾಬ್‌ನ (ಬೆರಳು ಕಾಯುವ ಚರ್ಮದ ತುಂಡಿನ) ಹೊಲಿಗೆ ಎಣಿಸಿ ಗುರುತಿಟ್ಟುಕೊಳ್ಳುತ್ತೇನೆ. ಆದರೆ 3ಡಿಯ ಟ್ರೆಡಿಷನಲ್ ವಿಭಾಗದಲ್ಲಿ ಈ ಆಟ ನಡೆಯಲ್ಲ, ಬೆರಳು ನಾಕ್‌ಗೆ (ಹೆದೆಗೆ ಸಿಕ್ಕಿಸುವ ಬಾಣದ ಹಿಂತುದಿಗೆ) ಅಂಟಿಕೊಂಡೇ ಇರಬೇಕು. ಅದಕ್ಕೆ ಹೊಲಿಗೆ ಇಲ್ಲದ ಬೇರೆ ಟ್ಯಾಬ್. ಕೈಗೆ ಬಂದ ಟ್ಯಾಬ್ ನೋಡಿದ ಕೂಡಲೇ ಯಾವ ನಿಯಮದಡಿ ಇದ್ದೇನೆ ಅಂತ ಬೆರಳಿಗೆ ಗೊತ್ತಾಗಬೇಕು. ಹೊಸ ಸಂಘಕ್ಕೆ ಸೇರುವವರಿಗೆ ನಾನು ಹೇಳುವುದೂ ಇದನ್ನೇ. ಮೊದಲು ಬಿಲ್ಲಿನ ವಿಭಾಗಗಳ ಅಧ್ಯಾಯ ಓದಿ, ಶುಲ್ಕ ಆಮೇಲೆ ಕಟ್ಟಿ.

ಇಷ್ಟು ಬೇರೆ ಬೇರೆ ಇದ್ದರೂ, ಗುರಿಯ ಹತ್ತಿರ ಹೋದರೆ ಯಾರು ಯಾವ ಸಂಘದವರು ಅಂತ ಹೇಳುವುದು ಕಷ್ಟ. ಅಂಕ ಬರೆದು ಮುಗಿಯುವ ತನಕ ಯಾರೂ ಬಾಣ ಮುಟ್ಟುವುದಿಲ್ಲ. ಕೀಳುವಾಗ ಒಂದು ಅಂಗೈ ಗುರಿಯ ಮೇಲೆ ಒತ್ತಿ, ಇನ್ನೊಂದು ಕೈಯಲ್ಲಿ ನೇರಕ್ಕೆ ಎಳೆಯುತ್ತಾರೆ. ಎಳೆಯುವ ಮುಂಚೆ ಹಿಂದೆ ಯಾರಾದರೂ ನಿಂತಿದ್ದಾರಾ ಅಂತ ಒಮ್ಮೆ ತಿರುಗಿ ನೋಡುತ್ತಾರೆ. ಮೈದಾನದಲ್ಲಿ ಎರಡು ಸೀಟಿಗೆ ಗೆರೆಗೆ ಬರುವುದು, ಒಂದಕ್ಕೆ ಬಾಣ ಬಿಡುವುದು, ಮೂರಕ್ಕೆ ಬಾಣ ತರಲು ಹೋಗುವುದು. ಸೀಟಿ ಬಿಡದೆ ಐದು ಸಲ ಕೂಗಿದರೆ ಎಳೆದ ಬಿಲ್ಲನ್ನೂ ಇಳಿಸಬೇಕು. ಅದಕ್ಕೆ ಯಾವ ಬಣದಲ್ಲೂ ವಾದ ಇಲ್ಲ.

ಕಳೆದುಹೋದ ಬಾಣ ಹುಡುಕುವಾಗ ಇದು ಇನ್ನೂ ಚೆನ್ನಾಗಿ ಕಾಣುತ್ತದೆ. ಹುಲ್ಲಿನಡಿ ಹೊಕ್ಕ ಬಾಣ ಅಡ್ಡಡ್ಡ ಮಲಗಿರುತ್ತದೆ, ಮೇಲಿನಿಂದ ಗರಿಯೂ ಕಾಣದು. ಪಾದವನ್ನು ನೆಲಕ್ಕೆ ತಾಗಿಸಿ ಮೆಲ್ಲಗೆ ಸವರುತ್ತಾ ಹೋಗಬೇಕು. ಫೀಲ್ಡ್‌ನಲ್ಲಾದರೆ ಒಬ್ಬರು ಗುರಿಯ ಮುಂದೆ ನಿಲ್ಲುತ್ತಾರೆ, ಇಲ್ಲವೇ ತಮ್ಮ ಬಿಲ್ಲನ್ನು ಗುರಿಗೆ ಒರಗಿಸುತ್ತಾರೆ. ಗುರಿಯ ಹಿಂದೆ ಜನ ಇದ್ದಾರೆ, ಬಾಣ ಬಿಡಬೇಡಿ ಅಂತ ಹಿಂದಿನಿಂದ ಬರುವ ಗುಂಪಿಗೆ ಅದರಿಂದ ಗೊತ್ತಾಗುತ್ತದೆ. ಉಳಿದವರೆಲ್ಲ ಬಗ್ಗಿ ಹುಡುಕುತ್ತಾರೆ. ರಾಟೆಗಳಿರುವ ಕಾಂಪೌಂಡ್ ಬಿಲ್ಲಿನವರು ಮರದ ಬಾಣಕ್ಕಾಗಿ, ಲಾಂಗ್‌ಬೋದವರು ಕಾರ್ಬನ್ ಬಾಣಕ್ಕಾಗಿ. ಹುಡುಕುತ್ತಾ ಮಾತು ಹೋಗುವುದು ಎಲ್ಲರಿಗೂ ಒಂದೇ ಕಡೆಗೆ: ‘ಬಿಡುವಾಗ ಬೆರಳು ತಡೀತು ಅನ್ಸುತ್ತೆ, ಅಲ್ವಾ?’ ಕಾಂಪೌಂಡ್‌ನವರು ಮಾತ್ರ ತಪ್ಪನ್ನು ಬೆರಳಿನ ಬದಲು ಹೆದೆ ಬಿಡಿಸುವ ತಮ್ಮ ಟ್ರಿಗರ್‌ನ ಮೇಲೆ ಹಾಕುತ್ತಾರೆ.

ಸಂಘಗಳು ಒಂದಾಗಲಿ ಅಂತ ನನಗೇನೂ ಆಸೆ ಇಲ್ಲ. ಟೂರ್ನಿಗಳನ್ನು ಮಾತ್ರ ಒಂದೇ ಭಾನುವಾರ ಇಟ್ಟುಕೊಳ್ಳದೆ, ಮೊದಲೇ ಒಬ್ಬರಿಗೊಬ್ಬರು ಫೋನ್ ಮಾಡಿದರೆ ಸಾಕು.