ಹಿಂದಿರುಗುವ ದಾರಿ ಮೊದಲು, ರೋಮ್ ಆಮೇಲೆ

ನನ್ನ ರೆಡ್‌ಮಿ ನೋಟ್ 5 ಪ್ರೊ ಈಗಲೂ ಕೆಲಸ ಮಾಡುತ್ತಿದೆ. 2018ರಲ್ಲಿ ಬಂದ ಫೋನ್ ಅದು. ಸ್ನ್ಯಾಪ್‌ಡ್ರ್ಯಾಗನ್ 636 ಚಿಪ್, 4000 ಎಂಎಎಚ್ ಬ್ಯಾಟರಿ. ಕಂಪನಿ ಕೊಟ್ಟ ಕೊನೆಯ ಆಂಡ್ರಾಯ್ಡ್ 9. ಈಗ ಅದರಲ್ಲಿರುವುದು ಲೈನೇಜ್ ಓಎಸ್, ಅಂದರೆ ಸ್ವಯಂಸೇವಕರು ಕಟ್ಟುವ ಆಂಡ್ರಾಯ್ಡ್; ಕಂಪನಿಯದರ ಬದಲು ಹಾಕುವ ಇಂಥ ತಂತ್ರಾಂಶಕ್ಕೆ ರೋಮ್ ಎನ್ನುತ್ತಾರೆ. ಅದರ ಕೆಳಗೆ ನಾನೇ ಆರಿಸಿ ಹಾಕಿದ ಕರ್ನಲ್, ಯಂತ್ರಾಂಶವನ್ನೂ ತಂತ್ರಾಂಶವನ್ನೂ ಬೆಸೆಯುವ ತಿರುಳು. ಹುಬ್ಬಳ್ಳಿಯಿಂದ ಧಾರವಾಡದ ಕಚೇರಿಗೆ ದಿನಾಲೂ ಚಿಗರಿ ಬಸ್ಸಿನಲ್ಲಿ ಓಡಾಡುವ ನನಗೆ ಸುದ್ದಿ ಓದಲು, ಹಾಡು ಕೇಳಲು, ನಕ್ಷೆ ನೋಡಲು ಇದು ಧಾರಾಳವಾಯಿತು. ಇದನ್ನು ಕಂಡ ಓಣಿಯ ಹುಡುಗರು “ಕಾಕಾ, ನಮ್ಮ ಫೋನಿಗೂ ಹಾಕಿಕೊಡಿರಿ” ಎಂದು ಬರುತ್ತಾರೆ. ನಾನು ಕೇಳುವುದು ಒಂದೇ ಪ್ರಶ್ನೆ: “ಕೆಟ್ಟರೆ ಮೊದಲಿನಂತೆ ಮಾಡಲು ಏನೇನು ಬೇಕೋ ಅದೆಲ್ಲ ಕೈಯಲ್ಲಿ ಇದೆಯೇ?” ಹೆಚ್ಚಿನವರು ರೋಮ್ ಇಳಿಸಿಕೊಂಡು ಬಂದಿರುತ್ತಾರೆ, ಕಂಪನಿಯ ಮೂಲ ಕಡತವನ್ನು ಇಳಿಸಿಕೊಂಡವರು ಅಪರೂಪ.

ಯಾವುದನ್ನು ಮುಟ್ಟುತ್ತಿದ್ದೇವೆ ಎಂಬುದು ಗೊತ್ತಿದ್ದರೆ ಅರ್ಧ ಭಯ ಅಲ್ಲಿಯೇ ಹೋಗುತ್ತದೆ. ಫೋನಿನ ಸಂಗ್ರಹವನ್ನು ಹಲವು ಪಾರ್ಟಿಷನ್‌ಗಳಾಗಿ ಹಂಚಿರುತ್ತಾರೆ. ಸಿಸ್ಟಮ್‌ನಲ್ಲಿ ಆಂಡ್ರಾಯ್ಡ್, ವೆಂಡರ್‌ನಲ್ಲಿ ಆ ಯಂತ್ರಾಂಶಕ್ಕೆ ಬೇಕಾದ ಡ್ರೈವರ್ ಕಡತಗಳು, ಬೂಟ್‌ನಲ್ಲಿ ಲಿನಕ್ಸ್ ಕರ್ನಲ್, ಡೇಟಾದಲ್ಲಿ ನಮ್ಮ ಫೋಟೊ ಮತ್ತು ಆ್ಯಪ್‌ಗಳು. ಕರ್ನಲ್ ಬದಲಿಸುವುದೆಂದರೆ ಮುಖ್ಯವಾಗಿ ಬೂಟ್ ಒಂದನ್ನೇ ಬದಲಿಸುವುದು. ಅದು ಕೆಟ್ಟರೆ ಹಳೆಯ ಬೂಟ್ ಕಡತವನ್ನು ಫಾಸ್ಟ್‌ಬೂಟ್ (ಕಂಪ್ಯೂಟರಿನಿಂದ ಕೇಬಲ್ ಹಾಕಿ ಫೋನಿಗೆ ಕಡತ ಬರೆಯುವ ವ್ಯವಸ್ಥೆ) ಮೂಲಕ ಮತ್ತೆ ಬರೆದರೆ ಫೋನ್ ಎದ್ದು ಕುಳಿತುಕೊಳ್ಳುತ್ತದೆ; ಒಂದು ನಿಮಿಷದ ಕೆಲಸ. ಪರದೆಯ ಮೇಲೆ ಲಾಂಛನ ಸುತ್ತುತ್ತಲೇ ಇದ್ದರೆ ಜನ “ಬ್ರಿಕ್ ಆಯಿತು” ಎಂದು ಎದೆ ಹಿಡಿದುಕೊಳ್ಳುತ್ತಾರೆ. ವಾಲ್ಯೂಮ್ ಗುಂಡಿ ಒತ್ತಿ ಹಿಡಿದಾಗ ಫಾಸ್ಟ್‌ಬೂಟ್ ಪರದೆ ಬರುತ್ತಿದೆ ಎಂದರೆ ಫೋನ್ ಸತ್ತಿಲ್ಲ.

ನಿಜವಾದ ಅಪಾಯ ಇರುವುದು ಬೇರೆ ಎರಡು ಕಡೆ.

ಮೊದಲನೆಯದು ಆಂಟಿ ರೋಲ್‌ಬ್ಯಾಕ್, ಅಂದರೆ ಹಳೆಯ ಆವೃತ್ತಿಗೆ ಮರಳದಂತೆ ತಡೆಯುವ ಏರ್ಪಾಟು. ಚಿಪ್ಪಿನೊಳಗೆ ಒಂದು ಅಂಕಿ ಇರುತ್ತದೆ. ಕಂಪನಿಯ ಕೆಲವು ಅಪ್‌ಡೇಟ್‌ಗಳು ಅದನ್ನು ಏರಿಸುತ್ತವೆ, ಇಳಿಸಲು ಬರುವುದಿಲ್ಲ. ಫೋನಿನ ಅಂಕಿಗಿಂತ ಕಡಿಮೆ ಅಂಕಿಯ ಹಳೆಯ ಫರ್ಮ್‌ವೇರನ್ನು (ಕಂಪನಿಯ ಮೂಲ ತಂತ್ರಾಂಶವನ್ನು) ಬರೆದರೆ ಬೂಟ್‌ಲೋಡರ್ (ಫೋನ್ ಏಳುವಾಗ ಮೊದಲು ಓಡುವ ತಂತ್ರಾಂಶ) ಮುಂದಕ್ಕೆ ಹೋಗಲು ನಿರಾಕರಿಸುತ್ತದೆ. ನನ್ನ ಮಾದರಿಯ ಫೋನಿನಲ್ಲಿ ಇದು 2018ರಲ್ಲೇ 4ಕ್ಕೆ ಏರಿತು. ನವನಗರದ ಹುಡುಗನೊಬ್ಬ ಇದೇ ಮಾದರಿಯ ಫೋನ್ ತಂದು ಮೇಜಿನ ಮೇಲಿಟ್ಟ. ಪರದೆ ಕಪ್ಪು, ನಡುಕವಿಲ್ಲ, ಚಾರ್ಜಿನ ದೀಪವೂ ಇಲ್ಲ. ಲ್ಯಾಪ್‌ಟಾಪಿಗೆ ಸಿಕ್ಕಿಸಿದರೆ ಡಿವೈಸ್ ಮ್ಯಾನೇಜರಿನಲ್ಲಿ ಕ್ವಾಲ್‌ಕಾಮ್ 9008 ಎಂಬ ತುರ್ತು ಪೋರ್ಟ್ ಮಾತ್ರ ಕಾಣುತ್ತಿತ್ತು. ಹಳೆಯ ಆವೃತ್ತಿಯಲ್ಲಿ ಬ್ಯಾಟರಿ ಹೆಚ್ಚು ಬರುತ್ತದೆಂದು ಯಾರೋ ಹೇಳಿದ್ದನ್ನು ನಂಬಿ ಹಿಂದಿನ ಫರ್ಮ್‌ವೇರ್ ಬರೆದಿದ್ದ. ಆ ಸ್ಥಿತಿಯಿಂದ ಎಬ್ಬಿಸಲು ಕಂಪನಿ ಅನುಮತಿಸಿದ ಖಾತೆ ಬೇಕು. ಅದು ನಮ್ಮ ನಿಮ್ಮಂಥವರ ಬಳಿ ಇರುವುದಿಲ್ಲ. ಅವನನ್ನು ಸರ್ವಿಸ್ ಸೆಂಟರಿಗೆ ಕಳುಹಿಸಿದೆ. ಫಾಸ್ಟ್‌ಬೂಟ್‌ನಲ್ಲಿ “ಗೆಟ್‌ವರ್ ಆಂಟಿ” ಎಂದು ಕೇಳಿದ್ದರೆ ಫೋನೇ ಅಂಕಿಯನ್ನು ಹೇಳುತ್ತಿತ್ತು. ನಾನು ಯಾವ ಫೋನ್ ಕೈಗೆ ಬಂದರೂ ಮೊದಲು ಕೇಳುವುದು ಅದನ್ನೇ, ಉತ್ತರವನ್ನು ಚೀಟಿಯಲ್ಲಿ ಬರೆದು ಫೋನಿನ ಬೆನ್ನಿಗೆ ಅಂಟಿಸುತ್ತೇನೆ.

ಎರಡನೆಯದು ಇಎಫ್‌ಎಸ್ ಮತ್ತು ಪರ್ಸಿಸ್ಟ್ ಎಂಬ ಪಾರ್ಟಿಷನ್‌ಗಳು. ಫೋನಿನ ಗುರುತಾದ ಐಎಂಇಐ ಸಂಖ್ಯೆ ಹಾಗೂ ರೇಡಿಯೊ ಹೊಂದಾಣಿಕೆಯ ಮಾಹಿತಿ ಇಎಫ್‌ಎಸ್‌ನಲ್ಲಿ, ಸೆನ್ಸರ್‌ಗಳ ಹೊಂದಾಣಿಕೆಯಂಥವು ಪರ್ಸಿಸ್ಟ್‌ನಲ್ಲಿ ಇರುತ್ತವೆ. ಇವು ಪ್ರತಿ ಫೋನಿಗೂ ಬೇರೆ. ಗೆಳೆಯನ ಫೋನಿನಿಂದ ಎರವಲು ತರಲು ಬರುವುದಿಲ್ಲ, ಕಂಪನಿಯ ಕಡತದಲ್ಲಿಯೂ ಸಿಗುವುದಿಲ್ಲ. ಆದ್ದರಿಂದ ರಿಕವರಿ (ಆಂಡ್ರಾಯ್ಡ್ ಏಳದೆಯೇ ರೋಮ್ ಹಾಕಲು, ಬ್ಯಾಕಪ್ ತೆಗೆಯಲು ಬಳಸುವ ಪುಟ್ಟ ತಂತ್ರಾಂಶ) ತೆರೆದುಕೊಂಡ ಕೂಡಲೇ, ಬೇರೇನನ್ನೂ ಒತ್ತುವ ಮೊದಲು, ಇವೆರಡರ ಜೊತೆಗೆ ಬೂಟ್ ಮತ್ತು ಮೋಡೆಮ್‌ಗಳ ಬ್ಯಾಕಪ್ ತೆಗೆಯುತ್ತೇನೆ. ಬ್ಯಾಕಪ್ ಫೋನಿನಲ್ಲಿಯೇ ಉಳಿದರೆ ಪ್ರಯೋಜನವಿಲ್ಲ. ಲ್ಯಾಪ್‌ಟಾಪಿಗೂ ಪೆನ್‌ಡ್ರೈವಿಗೂ ಹೋಗಬೇಕು. ಬ್ಯಾಕಪ್‌ಗೆ ಮೊದಲೊಮ್ಮೆ, ಎಲ್ಲ ಮುಗಿದ ಮೇಲೊಮ್ಮೆ *#06# ಒತ್ತಿ ಸಂಖ್ಯೆ ಸರಿಯಿದೆಯೇ ಎಂದು ನೋಡುತ್ತೇನೆ. ಸಂಖ್ಯೆ ಹೋದವರಿಗೆ ಬೇರೆ ಸಂಖ್ಯೆ ಬರೆದುಕೊಡುತ್ತೇವೆ ಎನ್ನುವವರು ಸಿಗುತ್ತಾರೆ. ಐಎಂಇಐ ತಿದ್ದುವುದರ ವಿರುದ್ಧ 2017ರಲ್ಲಿ ಕೇಂದ್ರದ ನಿಯಮ ಬಂತು, 2023ರ ದೂರಸಂಪರ್ಕ ಕಾಯ್ದೆಯಲ್ಲಿಯೂ ಅದು ಅಪರಾಧ. ಆ ಸಹವಾಸ ಬೇಡ.

ಇನ್ನು ತಯಾರಿ. ಡೆಸ್ಕ್‌ಟಾಪ್ ಬಿಟ್ಟು ಲ್ಯಾಪ್‌ಟಾಪ್ ಬಳಸುತ್ತೇನೆ. ಬರೆಯುತ್ತಿರುವಾಗ ಕರೆಂಟ್ ಹೋದರೂ ಕೆಲಸ ನಿಲ್ಲಬಾರದು. ಫೋನಿನ ಚಾರ್ಜ್ ಅರವತ್ತರ ಮೇಲೆ ಇರಬೇಕು. ಕೇಬಲ್ ಗಟ್ಟಿಯಾಗಿರಬೇಕು, ಸಾಧ್ಯವಾದರೆ ಯುಎಸ್‌ಬಿ 2 ಪೋರ್ಟ್. ಕೆಲವು ಹೊಸ ಕಂಪ್ಯೂಟರುಗಳ ಯುಎಸ್‌ಬಿ 3 ಪೋರ್ಟಿನಲ್ಲಿ ಫಾಸ್ಟ್‌ಬೂಟ್ ನಡುವೆಯೇ ಕೈಕೊಡುತ್ತದೆ. ನಡುವೆ ಅಗ್ಗದ ಹಬ್ ಒಂದನ್ನಿಟ್ಟರೆ ಸರಿಹೋಗುವುದೂ ಉಂಟು. ಮೈಕ್ರೊ ಎಸ್‌ಡಿ ಕಾರ್ಡ್ ಹಾಕುವ ಅನುಕೂಲವಿದ್ದರೆ ರೋಮ್, ಕರ್ನಲ್, ಬ್ಯಾಕಪ್ ಎಲ್ಲವನ್ನೂ ಅದರಲ್ಲಿಡುತ್ತೇನೆ. ಡೇಟಾ ಪಾರ್ಟಿಷನ್ ಎನ್‌ಕ್ರಿಪ್ಟ್ ಆಗಿದ್ದರೆ ರಿಕವರಿಗೆ ಒಳಗಿನ ಸಂಗ್ರಹ ಓದಲು ಬಾರದೇ ಹೋಗಬಹುದು. ಕಾರ್ಡ್ ಮಾತ್ರ ಯಾವಾಗಲೂ ಕಾಣುತ್ತದೆ.

ಇಳಿಸಿಕೊಂಡ ಪ್ರತಿ ಕಡತದ ಎಸ್‌ಎಚ್‌ಎ-256 ಮೊತ್ತವನ್ನು, ಅಂದರೆ ಕಡತದ ಬೆರಳಚ್ಚಿನಂಥ ಸಾಲನ್ನು, ತಾಳೆ ನೋಡುವುದನ್ನು ನಾನು ಎಂದೂ ಬಿಡುವುದಿಲ್ಲ. ವಿಂಡೋಸಿನಲ್ಲಿ ಸರ್ಟ್‌ಯುಟಿಲ್ ಎಂಬ ಆದೇಶ ಮೊದಲೇ ಇರುತ್ತದೆ, ಬೇರೆ ತಂತ್ರಾಂಶ ಬೇಕಿಲ್ಲ. ಅದು ಕೊಡುವ 64 ಅಕ್ಷರಗಳ ಸಾಲನ್ನು ನೋಟ್‌ಪ್ಯಾಡಿನಲ್ಲಿ ಅಂಟಿಸಿ, ರೋಮ್ ಕಟ್ಟಿದವರು ಕೊಟ್ಟ ಸಾಲನ್ನು ಅದರ ಕೆಳಗೇ ಅಂಟಿಸುತ್ತೇನೆ. ಒಂದಕ್ಷರ ಬೇರೆಯಾದರೂ ಅಳಿಸಿ ಮತ್ತೆ ಇಳಿಸುವುದು. ಮೊಬೈಲ್ ಡೇಟಾದಲ್ಲಿ ಒಂದೂವರೆ ಜಿಬಿ ಇಳಿಸುವಾಗ ನಡುವೆ ಕಡಿದುಹೋದ ಕಡತ ಹೊರನೋಟಕ್ಕೆ ಸರಿಯಾಗಿಯೇ ಕಾಣುತ್ತದೆ.

ಬೇರೆ ರೋಮ್ ಹಾಕಲು ಮೊದಲು ಬೂಟ್‌ಲೋಡರಿನ ಬೀಗ ತೆಗೆಯಬೇಕು. ಈ ಅನ್‌ಲಾಕ್ ಬಗ್ಗೆ ಹೆಚ್ಚು ಹೇಳುವುದಿಲ್ಲ, ಪ್ರತಿ ಕಂಪನಿಗೂ ಅದರದೇ ಕ್ರಮವಿದೆ. ನನ್ನ ಫೋನಿನ ಬಗೆಯವಕ್ಕೆ ಸಿಮ್ ಹಾಕಿ, ಮೊಬೈಲ್ ಡೇಟಾ ಮೂಲಕ ಖಾತೆ ಜೋಡಿಸಿ, ಕಾಯಬೇಕು. ಬಹಳ ಸಲ 168 ಗಂಟೆ. ಆ ಕಾಯುವಿಕೆಯನ್ನು ತಪ್ಪಿಸುವ ಅಡ್ಡದಾರಿ ಹುಡುಕಿ ರೊಕ್ಕ ಕಳೆಯಬೇಡಿ. ಅನ್‌ಲಾಕ್ ಆದ ಗಳಿಗೆಯಲ್ಲಿ ಫೋನಿನೊಳಗಿನ ಎಲ್ಲವೂ ಅಳಿಸಿಹೋಗುತ್ತದೆ. ಫೋಟೊಗಳ ನೆನಪು ಎಲ್ಲರಿಗೂ ಇರುತ್ತದೆ; ಎರಡು ಹಂತದ ಲಾಗಿನ್ ಸಂಖ್ಯೆ ಕೊಡುವ ಆ್ಯಪ್ ಮಾತ್ರ ನೆನಪಾಗುವುದು ಎಲ್ಲ ಮುಗಿದ ಮೇಲೆ. ಸ್ಯಾಮ್‌ಸಂಗ್ ಫೋನುಗಳಲ್ಲಿ ಇನ್ನೊಂದು ವಿಚಾರವಿದೆ: ಅನಧಿಕೃತ ಕಡತ ಬರೆದರೆ ನಾಕ್ಸ್ ಎಂಬ ಭದ್ರತಾ ವ್ಯವಸ್ಥೆಯ ಫ್ಯೂಸ್ ಸುಟ್ಟುಹೋಗುತ್ತದೆ, ಆಮೇಲೆ ಮೂಲ ತಂತ್ರಾಂಶ ಹಾಕಿದರೂ ಅದು ಸರಿಯಾಗುವುದಿಲ್ಲ.

ಕಂಪನಿಯ ತಂತ್ರಾಂಶದಿಂದ ಲೈನೇಜ್‌ಗೆ ಹೋಗುವಾಗ ಡೇಟಾವನ್ನು ಬರೀ ವೈಪ್ ಮಾಡಿದರೆ ಸಾಲದು, ಫಾರ್ಮ್ಯಾಟ್ ಮಾಡಬೇಕು. ಟಿಡಬ್ಲ್ಯುಆರ್‌ಪಿ ರಿಕವರಿ ಇದಕ್ಕೆ “ಯೆಸ್” ಎಂದು ಬೆರಳಚ್ಚಿಸಲು ಹೇಳುತ್ತದೆ; ಅದು ಕೇಳದಿದ್ದರೆ ನೀವು ಬೇರೆ ಗುಂಡಿ ಒತ್ತಿದ್ದೀರಿ ಎಂದರ್ಥ. ಗೂಗಲ್ ಆ್ಯಪ್‌ಗಳು ಬೇಕಿದ್ದವರು ಮೊದಲ ಬೂಟ್‌ಗೆ ಮುಂಚೆಯೇ ಅವನ್ನೂ ಹಾಕಿಬಿಡಬೇಕು. ಮೊದಲ ಬೂಟ್ ತಡವಾಗುತ್ತದೆ. ಚಹಾ ಕುಡಿದು ಬರಬಹುದು. ಗಾಬರಿಯಿಂದ ಪವರ್ ಗುಂಡಿ ಒತ್ತುವುದು ಬೇಡ.

ಇಲ್ಲಿಗೆ ಬಂದ ಹುಡುಗರು ಅಂದೇ ಕರ್ನಲ್ ಕೂಡ ಹಾಕಬೇಕೆಂದು ಹಟ ಹಿಡಿಯುತ್ತಾರೆ. ನಾನು ಒಪ್ಪುವುದಿಲ್ಲ. ರೋಮ್ ಅದರ ಸ್ವಂತ ಕರ್ನಲ್ ಜೊತೆ ಕೆಲವು ದಿನ ಓಡಬೇಕು. ಎರಡನ್ನೂ ಒಟ್ಟಿಗೆ ಬದಲಿಸಿದರೆ ಬ್ಲೂಟೂತ್ ಕೆಟ್ಟಾಗ ದೂರು ಯಾರ ಮೇಲೆ ಎಂಬುದೇ ತಿಳಿಯುವುದಿಲ್ಲ.

ಕರ್ನಲ್ ಆರಿಸುವಾಗ ನೋಡಬೇಕಾದದ್ದು ಹೊಂದಾಣಿಕೆ. ಫೋನಿನ ಹೆಸರೊಂದೇ ಸಾಲದು. ಆಂಡ್ರಾಯ್ಡ್ ಆವೃತ್ತಿ, ಕಂಪನಿಯ ತಂತ್ರಾಂಶಕ್ಕೋ ಅಥವಾ ಶುದ್ಧ ಆಂಡ್ರಾಯ್ಡಿಗೋ ಎಂಬುದೂ ಹೊಂದಬೇಕು. ನನ್ನ ಫೋನಿಗೆ ಬರುವ ಕರ್ನಲ್‌ಗಳಲ್ಲಿ ಓಲ್ಡ್‌ಕ್ಯಾಮ್, ನ್ಯೂಕ್ಯಾಮ್ ಎಂದು ಎರಡು ಬಗೆ. ರೋಮ್‌ನಲ್ಲಿರುವ ಕ್ಯಾಮೆರಾ ಕಡತಗಳು ಹಳೆಯವೋ ಹೊಸವೋ ಎಂಬುದರ ಮೇಲೆ ಅದಕ್ಕೆ ತಕ್ಕದ್ದನ್ನು ಹಾಕಬೇಕು. ತಪ್ಪಾದದ್ದನ್ನು ಹಾಕಿದರೆ ಫೋನ್ ಚೆನ್ನಾಗಿಯೇ ಏಳುತ್ತದೆ, ಕರೆ ಹೋಗುತ್ತದೆ, ಕ್ಯಾಮೆರಾ ಮಾತ್ರ ತೆರೆಯುವುದಿಲ್ಲ. ಇದಕ್ಕೆ ರೋಮನ್ನು ಬೈದವರು ಎಷ್ಟೋ ಜನ.

ಮತ್ತೊಂದು ಅಳತೆಗೋಲು ಮೂಲ ಸಂಕೇತ. ಲಿನಕ್ಸ್ ಕರ್ನಲ್ ಜಿಪಿಎಲ್ 2ನೇ ಆವೃತ್ತಿಯ ಪರವಾನಗಿಯಲ್ಲಿದೆ. ಅದನ್ನು ಬದಲಿಸಿ ಹಂಚುವವರು ತಮ್ಮ ಮೂಲ ಸಂಕೇತವನ್ನೂ ಕೊಡಬೇಕು. ಕೊಡದವರ ಕರ್ನಲ್ ನನ್ನ ಫೋನಿಗೆ ಹೋಗುವುದಿಲ್ಲ. ಪುಕ್ಕಟೆ ಕೆಲಸ ಮಾಡುವವರ ಮೇಲೆ ನನಗೆ ಗೌರವವಿದೆ, ಆದರೆ ಫೋನಿನ ಎಲ್ಲ ಅಧಿಕಾರ ಇರುವ ಭಾಗವನ್ನು ಮುಚ್ಚಿದ ಪೊಟ್ಟಣದಲ್ಲಿ ಒಪ್ಪಿಕೊಳ್ಳಲಾರೆ. ಎಸ್‌ಇಲಿನಕ್ಸ್ ಎಂಬ ಭದ್ರತಾ ಕಾವಲನ್ನು ಪರ್ಮಿಸಿವ್ ಮಾಡಿ, ಅಂದರೆ ಏನನ್ನೂ ತಡೆಯದಂತೆ ಮಾಡಿ, ಬಿಡುವ ರೋಮ್‌ಗಳನ್ನೂ ಇದೇ ಕಾರಣಕ್ಕೆ ದೂರ ಇಡುತ್ತೇನೆ.

ಹಾಕಿದ ಮೇಲೆ ಪರೀಕ್ಷೆ. ಕರೆ, ವಿಡಿಯೊ, ಜಿಪಿಎಸ್, ಹಾಟ್‌ಸ್ಪಾಟ್, ಬೆರಳಚ್ಚು, ಚಾರ್ಜಿಂಗ್ ಎಲ್ಲವನ್ನೂ ಮನೆಯಲ್ಲೇ ನೋಡಿಬಿಡುತ್ತೇನೆ. ನಿಜವಾದ ಪರೀಕ್ಷೆ ಚಿಗರಿಯಲ್ಲಿ. ಉಣಕಲ್ ದಾಟಿ ನವನಗರ, ರಾಯಾಪುರ ಎಂದು ಬಸ್ ಓಡುವಾಗ ಫೋನ್ ಒಂದು ಟವರಿನಿಂದ ಇನ್ನೊಂದಕ್ಕೆ ಜಿಗಿಯುತ್ತಿರುತ್ತದೆ. ಕಿವಿಯಲ್ಲಿ ಬ್ಲೂಟೂತ್ ಹಾಡು, ಜೇಬಿನಲ್ಲಿ ಪರದೆ ಆರಿದ ಫೋನ್. ಕರ್ನಲ್‌ನಲ್ಲಿ ದೋಷವಿದ್ದರೆ ಹೆಚ್ಚಾಗಿ ಇಲ್ಲಿ ಹೊರಬರುತ್ತದೆ. ತಾನಾಗಿಯೇ ರೀಸ್ಟಾರ್ಟ್ ಆದರೆ ಕೂಡಲೇ ಪಿಎಸ್‌ಸ್ಟೋರ್ ಫೋಲ್ಡರಿನಲ್ಲಿರುವ ರ‍್ಯಾಮ್‌ಊಪ್ಸ್ ಕಡತವನ್ನು ಉಳಿಸಿಕೊಳ್ಳುತ್ತೇನೆ. ಕರ್ನಲ್ ಬೀಳುವ ಮೊದಲು ಬರೆದ ಕೊನೆಯ ಸಾಲುಗಳು ಅದರಲ್ಲಿರುತ್ತವೆ. ಓದಲು ರೂಟ್, ಅಂದರೆ ಫೋನಿನ ಪೂರ್ತಿ ಅಧಿಕಾರ, ಬೇಕು. ಕಟ್ಟಿದವರಿಗೆ “ಫೋನ್ ರೀಬೂಟ್ ಆಗುತ್ತಿದೆ” ಎಂದು ಬರೆದರೆ ಉತ್ತರ ಬರುವುದು ಕಷ್ಟ. ಈ ಕಡತ ಕಳುಹಿಸಿದರೆ ಸಾಮಾನ್ಯವಾಗಿ ಬರುತ್ತದೆ.

ಕರ್ನಲ್ ಜೊತೆ ಬರುವ ಹೊಂದಿಕೆಗಳನ್ನೆಲ್ಲ ಬದಲಿಸಲು ಹೋಗುವುದಿಲ್ಲ. 1.8 ಗಿಗಾಹರ್ಟ್ಸ್‌ನ ಚಿಪ್ಪನ್ನು ಅದರಾಚೆ ಓಡಿಸುವುದು, ಬಿಸಿಯಾದಾಗ ವೇಗ ತಗ್ಗಿಸುವ ಏರ್ಪಾಟನ್ನು ತೆಗೆಯುವುದು, ಚಾರ್ಜಿನ ಕರೆಂಟ್ ಏರಿಸುವುದು ಈ ಮೂರೂ ನನ್ನ ಮನೆಯಲ್ಲಿ ನಿಷಿದ್ಧ. ಏಪ್ರಿಲ್ ಬಿಸಿಲಿನಲ್ಲಿ ಬೈಕಿನ ಹೋಲ್ಡರಿಗೆ ಸಿಕ್ಕಿಸಿದ ಫೋನ್ ಸುಮ್ಮನಿದ್ದರೂ ಕೈ ಸುಡುತ್ತದೆ. ಬ್ಯಾಟರಿ ಉಬ್ಬಿದರೆ ಫಾಸ್ಟ್‌ಬೂಟ್ ಏನೂ ಮಾಡಲಾರದು.

ಇನ್ನು ಎಲ್ಲರೂ ಕೇಳುವ ಯುಪಿಐ. ಗೂಗಲ್‌ನ ಸೇಫ್ಟಿನೆಟ್ ಪರೀಕ್ಷೆಯ ಜಾಗಕ್ಕೆ ಈಗ ಪ್ಲೇ ಇಂಟೆಗ್ರಿಟಿ ಬಂದಿದೆ. ಬೂಟ್‌ಲೋಡರ್ ತೆರೆದ ಫೋನನ್ನು ಅದು ಗುರುತಿಸುತ್ತದೆ, ಅದನ್ನು ನೋಡಿ ಬ್ಯಾಂಕಿನ ಆ್ಯಪ್‌ಗಳು ಬಾಗಿಲು ಹಾಕಿಕೊಳ್ಳಬಹುದು. ರೂಟ್ ಕೊಡುವ ಮ್ಯಾಜಿಸ್ಕ್ ಹಾಕಿ, ಅದರ ಮೇಲೆ ಮಾಡ್ಯೂಲ್ ಹಾಕಿ ಕಣ್ತಪ್ಪಿಸುವ ದಾರಿಗಳಿವೆ. ಇವತ್ತು ನಡೆದದ್ದು ನಾಳೆ ನಡೆಯುವುದಿಲ್ಲ. ದುರ್ಗದಬೈಲಿನಲ್ಲಿ ಗಿರ್ಮಿಟ್ ತಿಂದು ಮುಗಿಸಿ, ಹಿಂದೆ ಜನ ಕಾಯುತ್ತಿರುವಾಗ ಆ್ಯಪ್ ತೆರೆಯದೇ ಹೋದರೆ ಮಾಡ್ಯೂಲ್ ಹುಡುಕುತ್ತ ನಿಲ್ಲಲಾಗದು. ನನ್ನ ಹಣದ ವ್ಯವಹಾರವೆಲ್ಲ ಕಂಪನಿಯ ತಂತ್ರಾಂಶವೇ ಇರುವ ಇನ್ನೊಂದು ಸಾದಾ ಫೋನಿನಲ್ಲಿ ನಡೆಯುತ್ತದೆ. ಒಂದೇ ಫೋನ್ ಇರುವವರಿಗೆ ನಾನು ರೋಮ್ ಹಾಕಿಕೊಡುವುದಿಲ್ಲ, ಎಷ್ಟು ಕೇಳಿದರೂ ಇಲ್ಲ.

ಭದ್ರತೆಯ ಲೆಕ್ಕವೂ ಪೂರ್ತಿ ನಮ್ಮ ಕಡೆ ಇಲ್ಲ. ಲೈನೇಜ್ ಆಂಡ್ರಾಯ್ಡಿನ ಪ್ಯಾಚ್‌ಗಳನ್ನು ತರುತ್ತದೆ. ಮೋಡೆಮ್ ಫರ್ಮ್‌ವೇರ್, ಬೂಟ್‌ಲೋಡರ್‌ಗಳಂಥ ಮುಚ್ಚಿದ ಭಾಗಗಳು ಕಂಪನಿ ಕೈಬಿಟ್ಟ ದಿನದಲ್ಲಿಯೇ ನಿಂತಿರುತ್ತವೆ. ತೆರೆದ ಬೂಟ್‌ಲೋಡರಿನ ಫೋನ್ ಕಳುವಾದರೆ, ಕಳ್ಳನಿಗೆ ಬೇಕಾದ್ದನ್ನು ಬರೆದುಕೊಳ್ಳುವ ಅವಕಾಶವೂ ಇರುತ್ತದೆ.

ಫೋನ್ ಮಾರುವಾಗ ಬೂಟ್‌ಲೋಡರನ್ನು ಮತ್ತೆ ಲಾಕ್ ಮಾಡಬೇಕೆಂದು ಅನಿಸುತ್ತದೆ. ಲೈನೇಜ್ ಇರುವಾಗಲೇ ಲಾಕ್ ಮಾಡಿದರೆ ಬಹುಪಾಲು ಫೋನುಗಳು ಏಳುವುದಿಲ್ಲ. ಮೊದಲು ಅದೇ ಪ್ರದೇಶದ, ಆಂಟಿ ಅಂಕಿ ಹೊಂದುವ ಮೂಲ ತಂತ್ರಾಂಶವನ್ನು ಪೂರ್ತಿ ಬರೆದು, ಒಮ್ಮೆ ಏಳಿಸಿ, ಖಾತೆಗಳಿಂದ ಹೊರಬಂದು, ಆಮೇಲೆ ಲಾಕ್. ಇದಕ್ಕೆ ಕಂಪ್ಯೂಟರಿನಲ್ಲಿ ಮಿ ಫ್ಲ್ಯಾಶ್ ತಂತ್ರಾಂಶ ಬಳಸುವವರು ಕಿಟಕಿಯ ಕೆಳಗಿನ ಆಯ್ಕೆಗಳನ್ನು ಓದಿ ನೋಡಬೇಕು. ಎಲ್ಲ ಅಳಿಸಿ ಲಾಕ್ ಮಾಡುವ ಆಯ್ಕೆ ಮೊದಲೇ ಗುರುತಾಗಿರುವುದುಂಟು. ಚೀನಾ ಮಾರುಕಟ್ಟೆಯ ಫೋನಿಗೆ ಬೇರೆ ಪ್ರದೇಶದ ತಂತ್ರಾಂಶ ಹಾಕಿ ಹಾಗೆ ಲಾಕ್ ಮಾಡಿದರೆ, ಈ ತಂತ್ರಾಂಶ ಈ ಫೋನಿಗಲ್ಲ ಎಂಬ ಸಂದೇಶದಲ್ಲಿಯೇ ಅದು ನಿಂತುಬಿಡುತ್ತದೆ. ಆದ್ದರಿಂದ ಬರೀ ಎಲ್ಲ ಅಳಿಸುವ ಆಯ್ಕೆಗೆ ಗುರುತು ಬದಲಿಸಿ, ಅದು ಬದಲಾಗಿದೆಯೇ ಎಂದು ಇನ್ನೊಮ್ಮೆ ನೋಡಿ, ಆಮೇಲೆ ಫ್ಲ್ಯಾಶ್ ಗುಂಡಿ ಒತ್ತಿ.